ಕಡಲ ಮೇಲಿನ ಕಾನೂನು: ಕೋಸ್ಟ್ ಗಾರ್ಡ್ ಅಧಿಕಾರಿ ತಯಾರಾಗುವ ಬಗೆ

ಬೆಂಗಳೂರಿನ ಜಯನಗರದಿಂದ ಮಂಗಳೂರಿನ ಪಣಂಬೂರು ಕಡಲಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ನಡುವೆ ಶಿರಾಡಿ ಘಾಟಿ. ನಮ್ಮ ಬಡಾವಣೆಗಳು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಹಾಗಾಗಿ ಕಡಲೆಂದರೆ ನಮಗೆ ನೆನಪಾಗುವುದು ರಜೆಯಲ್ಲಿ ಹೋಗುವ ಗೋಕರ್ಣ ಮತ್ತು ಮುರುಡೇಶ್ವರ, ಇಲ್ಲವೇ ಜೆ.ಪಿ. ನಗರದ ಮೀನಂಗಡಿಗೆ ಐಸಿನಲ್ಲಿ ಬರುವ ಬಂಗುಡೆ, ಬೂತಾಯಿ. ಆ ಬಂಗುಡೆ ಹಿಡಿದ ದೋಣಿಗೂ ಕಾನೂನಿದೆ, ಆ ಕಾನೂನನ್ನು ನೀರಿನ ಮೇಲೆ ಜಾರಿ ಮಾಡುವವರೂ ಇದ್ದಾರೆ. ಅವರು ಯಾರು, ಯಾರ ಕೈಕೆಳಗೆ ಕೆಲಸ ಮಾಡುತ್ತಾರೆ, ಆ ಕೆಲಸವನ್ನು ಎಲ್ಲಿ ಕಲಿಯುತ್ತಾರೆ ಎಂಬುದನ್ನು ಬನಶಂಕರಿ, ಕುಮಾರಸ್ವಾಮಿ ಬಡಾವಣೆಗಳ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳೂ ಅವರ ತಂದೆತಾಯಿಯರೂ ತಿಳಿದಿರಬೇಕು. ಈ ಸೇವೆಯ ಬಾಗಿಲು ಕರಾವಳಿಯವರಿಗಷ್ಟೇ ತೆರೆದದ್ದಲ್ಲ.

ಹೆಸರುಗಳ ಗೊಂದಲ

ಕಡಲ ಕಾವಲಿನ ಹೆಸರುಗಳು ಬಯಲುಸೀಮೆಯವರಿಗೆ ಒಂದರೊಳಗೊಂದು ಬೆರೆತುಹೋಗುತ್ತವೆ. ಬೀಚಿನಲ್ಲಿ ಸೀಟಿ ಊದಿ ನಮ್ಮನ್ನು ಹಿಂದಕ್ಕೆ ಕರೆಯುವವನು ಜೀವರಕ್ಷಕ. ಅವನಿಗೆ ಬಂಧಿಸುವ ಅಧಿಕಾರವಿಲ್ಲ. ಭಾರತೀಯ ಕೋಸ್ಟ್ ಗಾರ್ಡ್ ಕೇಂದ್ರ ಸರ್ಕಾರದ ಸಶಸ್ತ್ರ ಪಡೆ, ರಕ್ಷಣಾ ಸಚಿವಾಲಯಕ್ಕೆ ಸೇರಿದ್ದು. ಕರಾವಳಿ ಕಾವಲು ಪೊಲೀಸ್ ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ಅದರ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ, ಎಸ್‌ಪಿ ದರ್ಜೆಯ ಅಧಿಕಾರಿ ಅದರ ಮುಖ್ಯಸ್ಥರು. ಯುದ್ಧ ಮತ್ತು ದೂರದ ಕಡಲು ನೌಕಾಪಡೆಯ ಪಾಲು. ಇವರಲ್ಲದೆ ಸುಂಕ ಇಲಾಖೆ, ಮೀನುಗಾರಿಕೆ ಇಲಾಖೆಗಳೂ ಇದೇ ನೀರಿನಲ್ಲಿ ಕೆಲಸ ಮಾಡುತ್ತವೆ.

ಗಡಿಗಳನ್ನು ನಾಟಿಕಲ್ ಮೈಲಿಯಲ್ಲಿ ಅಳೆಯುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. 1976ರ ಕಡಲ ವಲಯಗಳ ಕಾಯ್ದೆಯ ಪ್ರಕಾರ ದಡದಿಂದ 12 ಮೈಲಿಯವರೆಗಿನದು ನಮ್ಮ ಪ್ರಾದೇಶಿಕ ಕಡಲು. 24ರವರೆಗೆ ಹೊಂದಿಕೊಂಡ ವಲಯ, 200ರವರೆಗೆ ವಿಶೇಷ ಆರ್ಥಿಕ ವಲಯ. ಕರಾವಳಿ ಕಾವಲು ಪೊಲೀಸರ ಠಾಣಾ ವ್ಯಾಪ್ತಿ 12 ಮೈಲಿಗೆ ಮುಗಿಯುತ್ತದೆ. ಕೋಸ್ಟ್ ಗಾರ್ಡ್ 200 ಮೈಲಿಯವರೆಗೂ ಗಸ್ತು ತಿರುಗುತ್ತದೆ, ಆಪತ್ತಿನಲ್ಲಿರುವವರನ್ನು ಹುಡುಕಿಕೊಂಡು ಅದರಾಚೆಗೂ ಹೋಗುತ್ತದೆ.

ಕಳ್ಳಸಾಗಣೆಯಿಂದ ಹುಟ್ಟಿದ ಪಡೆ

1960-70ರ ದಶಕಗಳಲ್ಲಿ ಚಿನ್ನ, ಕೈಗಡಿಯಾರ, ಬಟ್ಟೆಗಳು ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ರಾತ್ರೋರಾತ್ರಿ ಇಳಿಯುತ್ತಿದ್ದವು. ಸುಂಕ ಇಲಾಖೆಯ ದೋಣಿಗಳಿಗೆ ಕಳ್ಳಸಾಗಣೆಯವರ ದೋಣಿಗಳನ್ನು ಬೆನ್ನಟ್ಟುವ ಶಕ್ತಿ ಇರಲಿಲ್ಲ, ಯುದ್ಧನೌಕೆಗಳನ್ನು ಆ ಕೆಲಸಕ್ಕೆ ಕಳಿಸುವುದೂ ಸಾಧುವಾಗಿರಲಿಲ್ಲ. ಕೆ.ಎಫ್. ರುಸ್ತಮ್‌ಜಿ ನೇತೃತ್ವದ ಸಮಿತಿಯನ್ನು 1974ರಲ್ಲಿ ನೇಮಿಸಲಾಯಿತು. ಗಡಿ ಭದ್ರತಾ ಪಡೆಯನ್ನು ಕಟ್ಟಿದ ಪೊಲೀಸ್ ಅಧಿಕಾರಿ ಅವರು. ಕಡಲಿಗೆ ಪ್ರತ್ಯೇಕ ಪಡೆ ಬೇಕು ಎಂದು ಸಮಿತಿ ಶಿಫಾರಸು ಮಾಡಿತು. 1977ರ ಫೆಬ್ರುವರಿ 1ರಂದು ತಾತ್ಕಾಲಿಕವಾಗಿ ಕೆಲಸ ಆರಂಭವಾಯಿತು. ನೌಕಾಪಡೆ ಬಿಟ್ಟುಕೊಟ್ಟ ಎರಡು ಹಳೆಯ ಹಡಗು ಮತ್ತು ಐದು ಗಸ್ತು ದೋಣಿ, ಅಷ್ಟೇ ಬಂಡವಾಳ. 1978ರ ಆಗಸ್ಟ್‌ನಲ್ಲಿ ಕೋಸ್ಟ್ ಗಾರ್ಡ್ ಕಾಯ್ದೆ ಜಾರಿಗೆ ಬಂತು. ವೈಸ್ ಅಡ್ಮಿರಲ್ ವಿ.ಎ. ಕಾಮತ್ ಮೊದಲ ಮಹಾನಿರ್ದೇಶಕರು. ಪಡೆಯ ಧ್ಯೇಯವಾಕ್ಯ ‘ವಯಂ ರಕ್ಷಾಮಃ’.

ಇಂದು ಕರ್ನಾಟಕದ ಕರಾವಳಿ ಕೋಸ್ಟ್ ಗಾರ್ಡಿನ 3ನೇ ಜಿಲ್ಲೆ. ಜಿಲ್ಲಾ ಕೇಂದ್ರ ಪಣಂಬೂರಿನಲ್ಲಿದೆ, ಅದರ ಮೇಲಿರುವುದು ಮುಂಬೈಯ ಪಶ್ಚಿಮ ವಲಯ, ಎಲ್ಲಕ್ಕೂ ಮೇಲೆ ದೆಹಲಿಯ ಪ್ರಧಾನ ಕಚೇರಿ. 2019ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಸೇರಿದ 98 ಮೀಟರ್ ಉದ್ದದ ‘ವರಾಹ’ ಗಸ್ತು ಹಡಗಿಗೆ ನವಮಂಗಳೂರು ಬಂದರನ್ನೇ ನೆಲೆಯಾಗಿ ಕೊಟ್ಟರು. ಕಡಲಿಂದ ಭೂಮಿಯನ್ನು ಎತ್ತಿ ತಂದ ಅವತಾರದ ಹೆಸರು ಹೊತ್ತ ಈ ಹಡಗಿನ ಕೆಲಸವನ್ನು ಮುಂದೆ ನೋಡುತ್ತೇವೆ.

ಆಯ್ಕೆ

ಅಧಿಕಾರಿಯಾಗಿ ಸೇರುವವರ ಮೊದಲ ಹುದ್ದೆ ಸಹಾಯಕ ಕಮಾಂಡೆಂಟ್. ಸಾಮಾನ್ಯ ಕರ್ತವ್ಯ ಶಾಖೆಗೆ ಪದವಿ ಬೇಕು, ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ತಾಂತ್ರಿಕ ಶಾಖೆಗೆ ಎಂಜಿನಿಯರಿಂಗ್ ಪದವಿ ಬೇಕು. ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಪ್ರವೇಶ ಪರೀಕ್ಷೆ, ಬಳಿಕ ಪ್ರಾಥಮಿಕ ಆಯ್ಕೆ ಮಂಡಳಿ, ಅದಾದ ಮೇಲೆ ನೋಯ್ಡಾದಲ್ಲಿ ಅಂತಿಮ ಆಯ್ಕೆ. ಅಲ್ಲಿ ಮನಶ್ಶಾಸ್ತ್ರದ ಪರೀಕ್ಷೆ, ಗುಂಪು ಕೆಲಸ, ಸಂದರ್ಶನ ನಡೆಯುತ್ತವೆ. ಕೊನೆಗೆ ವೈದ್ಯಕೀಯ ತಪಾಸಣೆ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಆದವರು ನಾವಿಕರಾಗಿ, ಡಿಪ್ಲೊಮಾ ಆದವರು ಯಾಂತ್ರಿಕರಾಗಿ ಸೇರಬಹುದು.

ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಪರೀಕ್ಷೆಯ ಪುಸ್ತಕಕ್ಕೆ ಕೊರತೆಯಿಲ್ಲ. ನಾನು ಹೇಳಬೇಕೆಂದಿರುವುದು ಈಜಿನ ವಿಷಯ. ರಾಷ್ಟ್ರಮಟ್ಟದ ಈಜುಗಾರರನ್ನು ಕೊಟ್ಟ ಬಸವನಗುಡಿ ಅಕ್ವಾಟಿಕ್ ಸೆಂಟರ್ ನಮ್ಮ ಪಕ್ಕದಲ್ಲೇ ಇದೆ. ಈ ಸೇವೆಯ ಮೇಲೆ ಕಣ್ಣಿಟ್ಟಿರುವ ಮಕ್ಕಳು ಪುಸ್ತಕ ಹಿಡಿಯುವ ಮೊದಲೇ ನೀರಿಗಿಳಿದಿದ್ದರೆ ತರಬೇತಿಯ ಆರಂಭದ ವಾರಗಳು ಅವರಿಗೆ ಅಷ್ಟು ಕಷ್ಟವಾಗುವುದಿಲ್ಲ.

ಏಳಿಮಲೆ, ಚಿಲ್ಕಾ, ಕೊಚ್ಚಿ

ಕಾಸರಗೋಡು ಜಿಲ್ಲೆ ದಾಟುತ್ತಲೇ ಪಯ್ಯನ್ನೂರಿನ ಬಳಿ ಕಡಲಿಗೆ ಚಾಚಿಕೊಂಡ ಗುಡ್ಡ ಏಳಿಮಲೆ. 2009ರ ಜನವರಿಯಲ್ಲಿ ಉದ್ಘಾಟನೆಯಾದ ನೌಕಾ ಅಕಾಡೆಮಿ ಇರುವುದು ಅಲ್ಲೇ. ಕೋಸ್ಟ್ ಗಾರ್ಡ್ ಅಧಿಕಾರಿಗಳು ಮೊದಲ ಪಾಠ ಕಲಿಯುವುದು ನೌಕಾಪಡೆಯವರ ಜೊತೆಗೇ: ಕವಾಯತು, ಈಜು, ಹಾಯಿದೋಣಿ, ದಿಕ್ಕು ಲೆಕ್ಕ. ನಾವಿಕರಿಗೆ ಒಡಿಶಾದ ಐಎನ್‌ಎಸ್ ಚಿಲ್ಕಾ. ಏಳಿಮಲೆಯಿಂದ ಹೊರಟ ಅಧಿಕಾರಿ ತಿಂಗಳುಗಟ್ಟಲೆ ಹಡಗಿನ ಮೇಲಿದ್ದು ಕಲಿಯುತ್ತಾನೆ. ಕೊಚ್ಚಿಯ ತರಬೇತಿ ಕೇಂದ್ರದಲ್ಲಿ ಕಡಲ ಕಾನೂನು ಮತ್ತು ಕಾರ್ಯಾಚರಣೆಯ ಪಾಠ ಆಗುತ್ತದೆ.

ಹಡಗಿನ ಮೇಲಿನ ಕಲಿಕೆಯ ಪದ್ಧತಿ ನನಗೆ ಬಹಳ ಹಿಡಿಸಿದೆ. ಹಡಗನ್ನು ನಡೆಸುವ ಕೋಣೆಗೆ ಬ್ರಿಡ್ಜ್ ಎನ್ನುತ್ತಾರೆ. ಅಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ಕಾವಲು ನಡೆಯುತ್ತದೆ. ಹೊಸ ಅಧಿಕಾರಿ ಹಿರಿಯರೊಬ್ಬರ ಪಕ್ಕದಲ್ಲಿ ನಿಂತು ಆ ಪಾಳಿ ಮಾಡಬೇಕು. ಎದುರಿಗೆ ಬರುವ ಹಡಗಿನ ದೀಪ ನೋಡಿ ಅದು ಯಾವ ದಿಕ್ಕಿಗೆ ಸಾಗುತ್ತಿದೆ, ಬಲೆ ಎಳೆಯುತ್ತಿದೆಯೋ ಲಂಗರು ಹಾಕಿದೆಯೋ ಎಂದು ಹೇಳಬೇಕು. ಪ್ರತಿಯೊಂದು ಕೆಲಸವೂ ಪುಸ್ತಕದಲ್ಲಿ ದಾಖಲಾಗಿ ಹಿರಿಯರ ಸಹಿ ಬೀಳಬೇಕು. ಈ ಕೈಗೆ ಹಡಗು ಒಪ್ಪಿಸಬಹುದು ಎಂದು ಹಡಗಿನ ಮುಖ್ಯಸ್ಥರಿಗೆ ಖಾತರಿಯಾದ ಮೇಲಷ್ಟೇ ಒಬ್ಬನೇ ಪಾಳಿ ನಿಲ್ಲುವ ಪ್ರಮಾಣಪತ್ರ ಸಿಗುತ್ತದೆ. ತಪ್ಪಾದರೆ ಸಹಿ ಹಾಕಿದವರೂ ಉತ್ತರ ಹೇಳಬೇಕು. ನಮ್ಮ ಎಷ್ಟು ಇಲಾಖೆಗಳಲ್ಲಿ ತರಬೇತಿ ಕೊಟ್ಟವರ ಮೇಲೆ ಇಂಥ ಹೊಣೆ ಇದೆ?

ಪ್ರಧಾನ ನಾವಿಕ, ಪ್ರಧಾನ ಅಧಿಕಾರಿ ಎಂಬ ದರ್ಜೆಯ ಹಳಬರ ಪಾತ್ರವೂ ಇಲ್ಲಿ ದೊಡ್ಡದು. ಹುದ್ದೆಯಲ್ಲಿ ಅವರು ಹೊಸ ಸಹಾಯಕ ಕಮಾಂಡೆಂಟನಿಗಿಂತ ಕೆಳಗೆ, ಅನುಭವದಲ್ಲಿ ಎಷ್ಟೋ ಮೇಲೆ. ಆಜ್ಞೆ ಕೊಡುವ ಅಧಿಕಾರ ಕಿರಿಯನದು. ಆಜ್ಞೆ ಕೊಡುವ ಮೊದಲು ಹಳಬರನ್ನು ಒಂದು ಮಾತು ಕೇಳುವ ವಿನಯ ಅವನಿಗೆ ಬೇಕು. ಅದನ್ನು ಹಡಗೇ ಕಲಿಸುತ್ತದೆ.

ಇನ್ನೊಬ್ಬರ ದೋಣಿ ಹತ್ತುವುದು

ಕಡಲ ಕಾನೂನಿನ ಕೆಲಸದಲ್ಲಿ ಅತ್ಯಂತ ಕಷ್ಟದ ಗಳಿಗೆ ಇದು. ರಸ್ತೆಯಲ್ಲಿ ಗಾಡಿ ನಿಲ್ಲಿಸಿದರೆ ಗಾಡಿಯೂ ಪೊಲೀಸರೂ ನಿಂತ ನೆಲದಲ್ಲೇ ಇರುತ್ತಾರೆ. ಕಡಲಲ್ಲಿ ಎರಡು ದೋಣಿಗಳೂ ಅಲೆಯ ಮೇಲಿರುತ್ತವೆ. ಹಡಗಿನಿಂದ ಸಣ್ಣ ವೇಗದ ದೋಣಿ ಇಳಿಸಿ, ಅನುಮಾನವಿರುವ ದೋಣಿಯ ಮಗ್ಗುಲಿಗೆ ಬಂದು, ಎರಡೂ ಒಟ್ಟಿಗೆ ಏಳುವ ಕ್ಷಣ ನೋಡಿ ಹತ್ತಬೇಕು. ಕಾಲು ತಪ್ಪಿದರೆ ಎರಡು ದೋಣಿಗಳ ನಡುವೆ ಸಿಕ್ಕಿ ನುಜ್ಜುಗುಜ್ಜಾಗುತ್ತದೆ.

ಹತ್ತುವ ಮೊದಲೇ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆದು ವೇಗ ಇಳಿಸಲು ಹೇಳಿರುತ್ತಾರೆ. ಹತ್ತಿದ ಮೇಲೆ ಎಲ್ಲ ಕೆಲಸಗಾರರನ್ನೂ ಒಂದು ಕಡೆ, ಕಣ್ಣಿಗೆ ಕಾಣುವಂತೆ ಕೂರಿಸುತ್ತಾರೆ. ದೋಣಿ ನಡೆಸುವ ತಾಂಡೇಲನ ಹತ್ತಿರ ನೋಂದಣಿ ಪತ್ರ ಕೇಳುತ್ತಾರೆ. ನಮ್ಮ ರಾಜ್ಯದ ದೋಣಿಯ ಸಂಖ್ಯೆ ‘ಐಎನ್‌ಡಿ-ಕೆಎ’ ಎಂದು ಶುರುವಾಗುತ್ತದೆ. ಹಲಗೆಯ ಮೇಲಿನ ಸಂಖ್ಯೆ, ಕಾಗದದ ಸಂಖ್ಯೆ, ಎಂಜಿನ್ನಿನ ಸಂಖ್ಯೆ ತಾಳೆಯಾಗಬೇಕು. ಜನರ ಗುರುತಿನ ಚೀಟಿ, ಬಲೆಯ ಕಣ್ಣಿನ ಅಳತೆ, ಹಿಡಿದ ಮೀನನ್ನು ನೋಡುತ್ತಾರೆ. ದೋಣಿಯ ಹೊರಗಿನ ಉದ್ದಕ್ಕೂ ಒಳಗಿನ ಉದ್ದಕ್ಕೂ ಲೆಕ್ಕಕ್ಕೆ ಸಿಗದ ವ್ಯತ್ಯಾಸ ಕಂಡರೆ ಎಲ್ಲೋ ಕಳ್ಳ ಗೂಡಿರಬಹುದು.

ಮೀನು ತುಂಬುವ ಸ್ಟೋರಿಗೆ ತಲೆ ಹಾಕುವ ಮುನ್ನ ಗಾಳಿ ಆಡಲು ಬಿಡಬೇಕೆಂಬುದು ಇನ್ನೊಂದು ಪಾಠ. ಕೊಳೆತ ಮೀನಿನಿಂದ ವಿಷಾನಿಲ ಏಳುತ್ತದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತೊಟ್ಟಿಗೆ ಇಳಿದು, ಒಬ್ಬರನ್ನು ಉಳಿಸಲು ಇನ್ನೊಬ್ಬರು ಹೋಗಿ, ಐವರು ಕಾರ್ಮಿಕರು ಸತ್ತದ್ದನ್ನು ಕರಾವಳಿಯವರು ಮರೆತಿಲ್ಲ.

ಇಷ್ಟೆಲ್ಲ ಕಲಿತ ಮೇಲೂ ಒಂದು ಮಾತು ಉಳಿಯುತ್ತದೆ. ನೂರು ದೋಣಿ ಹತ್ತಿದರೆ ಬಹುಪಾಲು ದೋಣಿಗಳಲ್ಲಿ ಸಿಗುವವರು ರಾತ್ರಿಯಿಡೀ ಬಲೆ ಎಳೆದು ಸುಸ್ತಾದ ಮೊಗವೀರ, ಖಾರ್ವಿ ಮೀನುಗಾರರು, ಕೂಲಿಗೆ ಬಂದ ಹೊರರಾಜ್ಯದ ಹುಡುಗರು. ಅವರನ್ನು ಕಳ್ಳರಂತೆ ನಡೆಸಿಕೊಂಡರೆ ಮುಂದಿನ ಸಲ ನಿಜವಾದ ಕಳ್ಳನನ್ನು ಕಂಡಾಗ ಅವರು ಫೋನ್ ಮಾಡುವುದಿಲ್ಲ. ಸಂಯಮದ ಮಾತು ಈ ಕೆಲಸದ ಹತ್ಯಾರುಗಳಲ್ಲೊಂದು.

ಹನ್ನೆರಡು ಮೈಲಿಯ ಗೆರೆ

2012ರ ಫೆಬ್ರುವರಿ 15ರಂದು ಕೇರಳದ ಕೊಲ್ಲಂ ಎದುರಿನ ಕಡಲಿನಲ್ಲಿ ಇಟಲಿಯ ತೈಲ ಹಡಗು ‘ಎನ್ರಿಕಾ ಲೆಕ್ಸಿ’ಯ ಮೇಲಿದ್ದ ನೌಕಾ ಸೈನಿಕರು ಗುಂಡು ಹಾರಿಸಿ ಇಬ್ಬರು ಮೀನುಗಾರರನ್ನು ಕೊಂದರು. ಕೋಸ್ಟ್ ಗಾರ್ಡ್ ಆ ಹಡಗನ್ನು ಹಿಡಿದು ಕೊಚ್ಚಿಗೆ ತಿರುಗಿಸಿತು. ಅಲ್ಲಿಂದ ಶುರುವಾದ ಮೊಕದ್ದಮೆ ಒಂಬತ್ತು ವರ್ಷ ನಡೆಯಿತು. ಘಟನೆ ನಡೆದದ್ದು ದಡದಿಂದ 20.5 ನಾಟಿಕಲ್ ಮೈಲಿಯಲ್ಲಿ. 12 ಮೈಲಿ ದಾಟಿದ್ದರಿಂದ ಕೇರಳ ರಾಜ್ಯಕ್ಕೆ ಅಧಿಕಾರವಿಲ್ಲ, ಕೇಂದ್ರವೇ ವಿಚಾರಣೆಯ ವ್ಯವಸ್ಥೆ ಮಾಡಬೇಕು ಎಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಷಯ ಅಂತರರಾಷ್ಟ್ರೀಯ ನ್ಯಾಯಮಂಡಳಿಗೂ ಹೋಯಿತು. 10 ಕೋಟಿ ರೂಪಾಯಿ ಪರಿಹಾರದೊಂದಿಗೆ 2021ರ ಜೂನ್‌ನಲ್ಲಿ ಭಾರತದಲ್ಲಿನ ಪ್ರಕರಣ ಮುಗಿಯಿತು.

ಆ ಹಡಗು ಆ ಗಳಿಗೆಯಲ್ಲಿ ಎಲ್ಲಿತ್ತು ಎಂಬ ಅಕ್ಷಾಂಶ ರೇಖಾಂಶವೇ ಕೇರಳಕ್ಕೆ ಅಧಿಕಾರವಿದೆಯೇ ಎಂಬುದನ್ನು ತೀರ್ಮಾನಿಸುವ ಸಾಕ್ಷ್ಯವಾಯಿತು. ಹಡಗಿನ ಆಗುಹೋಗು ಬರೆದಿಡುವ ಲಾಗ್ ಪುಸ್ತಕದ ಬಗ್ಗೆ ತರಬೇತಿಯಲ್ಲಿ ಇಷ್ಟು ಕಟ್ಟುನಿಟ್ಟು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಎಷ್ಟು ಗಂಟೆಗೆ, ಯಾವ ಸ್ಥಾನದಲ್ಲಿ, ಯಾವ ಕಾಯ್ದೆಯ ಅಡಿಯಲ್ಲಿ ದೋಣಿ ನಿಲ್ಲಿಸಿದೆ ಎಂದು ಬರೆಯದ ಅಧಿಕಾರಿಯ ಶೌರ್ಯ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುವ ಸಂವಿಧಾನದ 22ನೇ ವಿಧಿ ಪ್ರಯಾಣದ ಸಮಯವನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಆ ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದೂ ಲಾಗ್ ಪುಸ್ತಕದಲ್ಲೇ ಇರಬೇಕು.

ಇದಕ್ಕಿಂತ ಹಳೆಯದು ಜಪಾನಿನ ‘ಅಲೊಂಡ್ರ ರೇನ್‌ಬೊ’ ಹಡಗಿನ ಪ್ರಕರಣ. ಕಡಲ್ಗಳ್ಳರ ಕೈಗೆ ಸಿಕ್ಕಿದ್ದ ಅದನ್ನು 1999ರ ನವೆಂಬರ್‌ನಲ್ಲಿ ಕೋಸ್ಟ್ ಗಾರ್ಡಿನ ‘ತಾರಾಬಾಯಿ’ ಮತ್ತು ನೌಕಾಪಡೆಯ ‘ಪ್ರಹಾರ್’ ಹಡಗುಗಳು ಅರಬ್ಬಿ ಸಮುದ್ರದಲ್ಲಿ ಬೆನ್ನಟ್ಟಿ ಹಿಡಿದವು. ಮುಂಬೈ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಬಾಂಬೆ ಹೈಕೋರ್ಟ್ 2005ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಕಡಲ್ಗಳ್ಳತನಕ್ಕೆಂದೇ ಕಾಯ್ದೆ ಆಗ ನಮ್ಮಲ್ಲಿರಲಿಲ್ಲ. ಆ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2022ರ ಕೊನೆಗೆ. ಹಿಡಿದವರ ಸಾಹಸಕ್ಕೂ ಶಿಕ್ಷೆಗೂ ನಡುವೆ ಇಷ್ಟು ದೊಡ್ಡ ಕಂದಕವಿತ್ತು.

ಮೇಲ್ವಿಚಾರಣೆ ಸೋತಾಗ

1993ರ ಮುಂಬೈ ಸ್ಫೋಟಗಳಿಗೆ ಬಳಸಿದ ಆರ್‌ಡಿಎಕ್ಸ್ ರಾಯಗಡ ಜಿಲ್ಲೆಯ ಶೇಖಾಡಿ, ದಿಘಿ ತೀರಗಳಲ್ಲಿ ಇಳಿಯಿತು. ಕಾಯಬೇಕಾದ ಸುಂಕ ಮತ್ತು ಪೊಲೀಸ್ ಸಿಬ್ಬಂದಿಯಲ್ಲೇ ಕೆಲವರು ಹಣ ಪಡೆದು ಕಣ್ಣು ಮುಚ್ಚಿದ್ದರು ಎಂದು ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ನ್ಯಾಯಾಲಯ ತೀರ್ಮಾನಿಸಿ ಶಿಕ್ಷೆ ಕೊಟ್ಟಿತು. ಬೆಳ್ಳಿ ಕಳ್ಳಸಾಗಣೆ ಎಂದುಕೊಂಡು ಬಿಟ್ಟರೂ, ಬೇರೇನೋ ಎಂದು ಬಿಟ್ಟರೂ, ಫಲ ಒಂದೇ ಆಯಿತು. ಹದಿನೈದು ವರ್ಷಗಳ ಬಳಿಕ, 2008ರ ನವೆಂಬರ್‌ನಲ್ಲಿ, ಹತ್ತು ಮಂದಿ ಭಯೋತ್ಪಾದಕರು ‘ಕುಬೇರ್’ ಎಂಬ ಪೋರಬಂದರಿನ ಮೀನುಗಾರಿಕಾ ದೋಣಿಯನ್ನು ವಶಮಾಡಿಕೊಂಡು ಮುಂಬೈ ತಲುಪಿ ದಾಳಿ ಮಾಡಿದರು. ಅದಾದ ಮೇಲೆ 2009ರ ಫೆಬ್ರುವರಿಯಲ್ಲಿ ಹೊಣೆಗಳನ್ನು ಹೊಸದಾಗಿ ಹಂಚಲಾಯಿತು: ಒಟ್ಟಾರೆ ಕಡಲ ಭದ್ರತೆ ನೌಕಾಪಡೆಗೆ, ಕರಾವಳಿ ಪೊಲೀಸರ ನೀರೂ ಸೇರಿದಂತೆ ಪ್ರಾದೇಶಿಕ ಕಡಲಿನ ಭದ್ರತೆ ಕೋಸ್ಟ್ ಗಾರ್ಡಿಗೆ. ‘ಸಾಗರ ಕವಚ’ ಎಂಬ ಜಂಟಿ ಅಣಕು ಕಾರ್ಯಾಚರಣೆ ನಮ್ಮ ಕರಾವಳಿಯಲ್ಲಿ ವರ್ಷವೂ ನಡೆಯುತ್ತದೆ. ಭಯೋತ್ಪಾದಕರ ವೇಷದ ಸಿಬ್ಬಂದಿ ಕಡಲಿಂದ ನುಸುಳಲು ನೋಡುತ್ತಾರೆ, ಉಳಿದವರು ತಡೆಯಬೇಕು.

ಕೋಸ್ಟ್ ಗಾರ್ಡಿಗೆ ತನ್ನದೇ ಶಿಸ್ತಿನ ನ್ಯಾಯಾಲಯವಿದೆ. 2014ರ ಕೊನೆಯ ರಾತ್ರಿ ಪೋರಬಂದರಿನ ಆಚೆ ಪಾಕಿಸ್ತಾನದ ದೋಣಿಯೊಂದು ಸ್ಫೋಟಿಸಿತು. ಅದರಲ್ಲಿದ್ದವರೇ ಬೆಂಕಿ ಹಚ್ಚಿಕೊಂಡರು ಎಂದು ಸರ್ಕಾರ ಹೇಳಿತ್ತು. ತಾನೇ ಅದನ್ನು ಉಡಾಯಿಸಲು ಹೇಳಿದೆ ಎಂಬ ಹಿರಿಯ ಅಧಿಕಾರಿಯೊಬ್ಬರ ಮಾತು ಪತ್ರಿಕೆಗಳಲ್ಲಿ ಬಂತು. ವಿಚಾರಣೆ ನಡೆದು ಅವರನ್ನು ಸೇವೆಯಿಂದ ವಜಾ ಮಾಡಲಾಯಿತು. ಬಲಪ್ರಯೋಗದ ಬಗ್ಗೆ ಆಡುವ ಒಂದೊಂದು ಮಾತಿಗೂ ಅಧಿಕಾರಿ ಉತ್ತರದಾಯಿ.

ಮಲ್ಪೆಯ ಪೊಲೀಸರು

ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಗೆ ಕರಾವಳಿ ಕಾವಲು ಪೊಲೀಸರ ಒಂಬತ್ತು ಠಾಣೆಗಳಿವೆ: ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರ. ಗಡಿಯ ತಲಪಾಡಿ ದಾಟಿದರೆ ಕನ್ನಡ ಮಾತಾಡುವ ಶಿರಿಯದಲ್ಲಿ ಕೇರಳದ ಕರಾವಳಿ ಠಾಣೆಯಿದೆ. 2005ರಲ್ಲಿ ಆರಂಭವಾದ ಕೇಂದ್ರದ ಕರಾವಳಿ ಭದ್ರತಾ ಯೋಜನೆಯಿಂದ ದೋಣಿ, ಕಟ್ಟಡ, ಜೆಟ್ಟಿಗೆ ಹಣ ಬಂತು. ಸಿಬ್ಬಂದಿಗೆ ಕೋಸ್ಟ್ ಗಾರ್ಡ್ ತರಬೇತಿ ಕೊಡುತ್ತ ಬಂದಿದೆ. 2018ರಿಂದ ಗುಜರಾತಿನ ಓಖಾದಲ್ಲಿ ರಾಷ್ಟ್ರೀಯ ಕರಾವಳಿ ಪೊಲೀಸ್ ಅಕಾಡೆಮಿಯೂ ನಡೆಯುತ್ತಿದೆ.

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಬಯಲುಸೀಮೆಯ ಠಾಣೆಯಿಂದ ವರ್ಗವಾಗಿ ಬಂದ ಪೊಲೀಸನಿಗೆ ಮೊದಲು ಕಡಲ ವಾಂತಿ ನಿಲ್ಲಬೇಕು. ಆಮೇಲೆ ಅಳಿವೆ ಬಾಗಿಲಿನ ಹೂಳು, ಉಬ್ಬರ ಇಳಿತ, ಮಳೆಗಾಲದ ಮುನ್ಸೂಚನೆ, ಪರ್ಸೀನ್ ಬೋಟಿಗೂ ಟ್ರಾಲ್ ಬೋಟಿಗೂ ಇರುವ ವ್ಯತ್ಯಾಸ ತಿಳಿಯಬೇಕು. ಎರಡು ಮೂರು ವರ್ಷದಲ್ಲಿ ಇದೆಲ್ಲ ಕೈಗೆ ಹತ್ತುವ ಹೊತ್ತಿಗೆ ಮತ್ತೆ ವರ್ಗಾವಣೆಯ ಆದೇಶ ಬರುತ್ತದೆ, ಓಖಾದಲ್ಲಿ ಕಲಿತದ್ದು ಯಾವುದೋ ಸಂಚಾರ ಠಾಣೆಗೆ ಹೋಗುತ್ತದೆ. ದೋಣಿ ಇದೆ, ನಡೆಸುವ ನುರಿತ ಕೈ ಇಲ್ಲ ಎಂಬ ಮಾತು ಹಲವು ಕರಾವಳಿ ರಾಜ್ಯಗಳ ಲೆಕ್ಕಪರಿಶೋಧನಾ ವರದಿಗಳಲ್ಲಿ ಮತ್ತೆ ಮತ್ತೆ ಬಂದಿದೆ. ಕರಾವಳಿ ಕಾವಲಿಗೆ ಪ್ರತ್ಯೇಕ ವೃಂದ ಬೇಕು, ಅದರಲ್ಲಿ ಮೀನುಗಾರರ ಮಕ್ಕಳಿಗೆ ಆದ್ಯತೆ ಬೇಕು. ಕರಾವಳಿ ನಿಯಂತ್ರಣ ದಳದ ಹೆಸರಿನಲ್ಲಿ ಸ್ಥಳೀಯರನ್ನು ಗೃಹರಕ್ಷಕರಾಗಿ ಬಳಸಿಕೊಳ್ಳುವ ಪದ್ಧತಿ ಒಳ್ಳೆಯದೇ, ಆದರೆ ದಿನಭತ್ಯೆಯ ಮೇಲೆ ಕಡಲ ಅನುಭವವನ್ನು ಎಷ್ಟು ದಿನ ಉಳಿಸಿಕೊಳ್ಳಬಹುದು?

ಮೀನುಗಾರರ ಕಣ್ಣು

2025ರ ಫೆಬ್ರುವರಿಯಲ್ಲಿ ಮಲ್ಪೆಯಾಚೆ ಸೇಂಟ್ ಮೇರಿಸ್ ದ್ವೀಪದ ಹತ್ತಿರ ಗುರುತಿಲ್ಲದ ದೋಣಿಯೊಂದನ್ನು ಮೊದಲು ಕಂಡವರು ಮೀನುಗಾರರು. ಕೋಸ್ಟ್ ಗಾರ್ಡ್ ಅದನ್ನು ತಡೆಯಿತು. ಒಳಗಿದ್ದವರು ತಮಿಳುನಾಡಿನ ಮೂವರು ಮೀನುಗಾರರು. ಒಮಾನಿನ ಮಾಲೀಕ ಸಂಬಳವನ್ನೂ ಪಾಸ್‌ಪೋರ್ಟನ್ನೂ ಕೊಡದಿದ್ದಾಗ ಅವನ ದೋಣಿಯಲ್ಲೇ ಊರಿಗೆ ಹೊರಟು ಬಂದಿದ್ದೆವು ಎಂದು ಅವರು ಹೇಳಿದರು. ಕಾನೂನಿನ ಕಣ್ಣಿಗೆ ಅದು ಅಕ್ರಮ ಪ್ರವೇಶ. ಅವರ ಕಷ್ಟವೂ ನಿಜ. ಇಂಥವರ ಮೇಲೆ ಬಂದೂಕು ಎತ್ತದೆ ಕೆಲಸ ಮುಗಿಸಲು ಬರಬೇಕು.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಆಚೆ ಕಡಲ ತಳದಲ್ಲಿ ಸಿಕ್ಕಿತು. ಆ ನಾಲ್ಕೂವರೆ ತಿಂಗಳು ಆ ಮನೆಗಳವರು ಹೇಗೆ ಕಳೆದರೆಂದು ಊಹಿಸಲೂ ಮನಸ್ಸು ಹಿಂಜರಿಯುತ್ತದೆ. ಹುಡುಕುವ ಪಡೆಗೆ ಮೊದಲ ಗಂಟೆಗಳೇ ಮುಖ್ಯ ಎಂಬುದನ್ನು ಕರಾವಳಿ ಅಂದು ನೋವಿನಿಂದ ಕಲಿಯಿತು.

2021ರ ಮೇ 17ರ ದಿನ ಬೇರೆಯಾಗಿತ್ತು. ತೌಕ್ತೆ ಚಂಡಮಾರುತದ ಅಬ್ಬರಕ್ಕೆ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ (ಎಳೆಹಡಗು) ಕಾಪು ಸಮೀಪದ ಬಂಡೆಗಳಲ್ಲಿ ಸಿಕ್ಕಿಕೊಂಡಿತ್ತು. ‘ವರಾಹ’ ಹಡಗನ್ನು ಕಳಿಸಲಾಯಿತು. ನೌಕಾಪಡೆಯ ಹೆಲಿಕಾಪ್ಟರೂ ಬಂತು. ಒಂಬತ್ತೂ ಮಂದಿ ಬದುಕಿ ದಡ ಸೇರಿದರು.

ಬೆಂಗಳೂರಿನ ಪಾಲು

ಕೋಸ್ಟ್ ಗಾರ್ಡಿನ ಧ್ರುವ ಹೆಲಿಕಾಪ್ಟರುಗಳು ನಮ್ಮ ಎಚ್‌ಎಎಲ್‌ನಲ್ಲಿ ತಯಾರಾದವು. ದೇಶದ ಕರಾವಳಿಯುದ್ದಕ್ಕೂ ಮೊದಲ ಹಂತದಲ್ಲಿ ನಿಂತ 46 ರೇಡಾರ್ ಕೇಂದ್ರಗಳ ಜಾಲವನ್ನು ಕಟ್ಟಿದ್ದು ಬಿಇಎಲ್. ಮೀನುಗಾರಿಕಾ ದೋಣಿಗಳಿಗೆ ಅಳವಡಿಸುತ್ತಿರುವ, ಆಪತ್ತಿನ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್ ಇಸ್ರೊದ್ದು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಧ್ರುವ ಹೆಲಿಕಾಪ್ಟರ್ ಬಿದ್ದು ಕೋಸ್ಟ್ ಗಾರ್ಡಿನ ಮೂವರು ಸತ್ತರು. ಬೆಂಗಳೂರಿನಲ್ಲಿ ಬಿಗಿಯುವ ಒಂದೊಂದು ನಟ್ಟಿನ ಮೇಲೂ ಕಡಲಿನ ಜೀವಗಳು ನಿಂತಿವೆ.

ಕೋಸ್ಟ್ ಗಾರ್ಡಿಗೆ ಸ್ವಂತ ಅಕಾಡೆಮಿ ಬೇಕೆಂಬ ಬೇಡಿಕೆ ಹಳೆಯದು. ಕಣ್ಣೂರು ಜಿಲ್ಲೆಯಲ್ಲಿ 2011ರಲ್ಲಿ ಶಂಕುಸ್ಥಾಪನೆಯಾದ ಯೋಜನೆಯನ್ನು ಕೈಬಿಟ್ಟ ಬಳಿಕ, ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹತ್ತಿರದ ಕೆಂಜಾರಿನಲ್ಲಿ ಅದನ್ನು ಕಟ್ಟುವ ಯೋಜನೆ ಪ್ರಕಟವಾಯಿತು. ಬಂದರು, ಕೋಸ್ಟ್ ಗಾರ್ಡ್ ಹಡಗುಗಳು, ಮಲ್ಪೆಯ ಪೊಲೀಸರು, ಮೀನುಗಾರರು ಎಲ್ಲರೂ ಒಂದೇ ಕಡೆ ಸಿಗುವ ಜಾಗ ಅದು. ಅಲ್ಲಿ ಅಕಾಡೆಮಿ ಎದ್ದರೆ ರಾಜ್ಯದ ಕರಾವಳಿ ಪೊಲೀಸರೂ ಕೇಂದ್ರದ ಅಧಿಕಾರಿಗಳೂ ಒಂದೇ ನೀರಿನಲ್ಲಿ ಕಲಿಯುವಂತಾಗಬೇಕು. ನಮ್ಮ ಸಂಸದರು, ಶಾಸಕರು ಇದನ್ನು ಬೆನ್ನು ಬಿಡದೆ ಕೇಳಬೇಕು.

ಕಡಲಿಗೆ ಹೋಗುವವರು ಎರಡು ಸಂಖ್ಯೆಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಡಲಲ್ಲಿ ಆಪತ್ತಾದರೆ ಕೋಸ್ಟ್ ಗಾರ್ಡ್ 1554, ತೀರದಲ್ಲಿ ಅನುಮಾನಾಸ್ಪದವಾಗಿ ಏನಾದರೂ ಕಂಡರೆ ಕರಾವಳಿ ಪೊಲೀಸರು 1093.